ಕೆಂಪು ದಾರ, ಬಿಳಿ ದಾರ

ಬೇಲೆಕೇರಿ
9 ಜನವರಿ 2025

ಚಂದನಾ,

ಕಾರವಾರದಿಂದ ಬೇಲೆಕೇರಿಗೆ ಬಸ್ಸಿನಲ್ಲಿ ಒಂದು ತಾಸು. ನೀನು ಮನೆಗೆ ಬಂದು ಹನ್ನೊಂದು ತಿಂಗಳಾಯಿತು. ಚೌತಿಗೆ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ನಿನ್ನ ಅಪ್ಪ ಬೊಮ್ಮಯ್ಯ, ಮಗಳಿಗೆ ಲ್ಯಾಬಿನಲ್ಲಿ ಕೈತುಂಬ ಕೆಲಸ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ನಿನ್ನ ಅಮ್ಮ ಸುಮಲತಾ ಬಸ್ಸಿನ ಹಾರ್ನಿಗೆಲ್ಲ ಬಾಗಿಲಿಗೆ ಓಡುತ್ತಾಳೆ. ನನಗಂತೂ ಕಿವಿ ಕೇಳುವುದಿಲ್ಲ, ಹಾಗಾಗಿ ಅವರಿಬ್ಬರಿಗಿಂತ ನಾನೇ ಆರಾಮಾಗಿದ್ದೇನೆ.

ಕಾಗದ ನೋಡಿ ನಗಬೇಡ. ಫೋನಿನಲ್ಲಿ ಮಾತಾಡುವುದು ನನ್ನಿಂದಾಗದು. ನಿನ್ನ ಅಮ್ಮನ ಫೋನಿಗೆ ನೀನು ಬರೆದರೆ ನಿನ್ನ ತಮ್ಮ ಕಿಶನ ಅದನ್ನು ನನಗಿಂತ ಮೊದಲೇ ಓದಿ ಮುಗಿಸುತ್ತಾನೆ. ಇದು ನಾವಿಬ್ಬರೇ ಓದಬೇಕಾದ ವಿಷಯ.

ಹೋದ ವಾರ ಪೇಪರಿನಲ್ಲಿ ನಿನ್ನ ಫೋಟೋ ಬಂದಿತ್ತು. ಒಂದು ಹನಿ ನೀರಿನಲ್ಲಿ ಕಂಪ್ಯೂಟರು ಮಾಡಿದ್ದೀರಂತೆ, ಬಳಚಿನ ಚಿಪ್ಪಿನೊಳಗಿನ ಮಾಂಸದಲ್ಲಿ ವಿಷ ಇದೆಯೋ ಇಲ್ಲವೋ ಅದು ಹೇಳುತ್ತದಂತೆ. ಈ ಡಬ್ಬದಲ್ಲಿ ಒಣಗಿಸಿದ ಬಳಚಿನ ಎರಡು ಪೊಟ್ಟಣ ಇವೆ, ಒಂದಕ್ಕೆ ಕೆಂಪು ದಾರ, ಒಂದಕ್ಕೆ ಬಿಳಿ ದಾರ. ಎರಡನ್ನೂ ನಿನ್ನ ನೀರಿನಲ್ಲಿ ಹಾಕಿ ನೋಡು. ಎಲ್ಲಿಯದು, ಯಾವಾಗಿನದು ಎಂದು ಈಗ ಕೇಳಬೇಡ. ಮೊದಲೇ ಗೊತ್ತಾದರೆ ನಿನ್ನ ಕೈ ಒಂದು ಕಡೆಗೆ ವಾಲುತ್ತದೆ.

ಶೆಟಗೇರಿಯ ಬೀರಿ ಸತ್ತು ಮೂರು ವರ್ಷ ಕಳೆಯಿತು. ಕಾಶಿಯ ಬಳಚು ತಿಂದೇ ಸತ್ತಳು ಎಂದು ಅಂಕೋಲೆ ಪೇಟೆ ಇವತ್ತಿಗೂ ಹೇಳುತ್ತದೆ. ಅಂದಿನಿಂದ ನನ್ನ ಬುಟ್ಟಿಗೆ ಯಾರೂ ಕೈ ಹಾಕಿಲ್ಲ. ಅದನ್ನು ಸಹಿಸಬಹುದು. ಆದರೆ ನಲವತ್ತು ವರ್ಷ ಅವಳ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿದವಳು ನಾನು. ನನ್ನ ಬುಟ್ಟಿಯಿಂದಲೇ ಅವಳು ಹೋದಳೋ ಎಂಬುದು ಗೊತ್ತಾಗದೆ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ.

ಬೇಗ ಬರೆ.

ನಿನ್ನ ಅತ್ತೆ,
ಕಾಶಿ

*

ಹಬ್ಬುವಾಡ, ಕಾರವಾರ
19 ಜನವರಿ 2025

ಅತ್ತೆ,

ಡಬ್ಬ ಸಿಕ್ಕಿತು. ಪೋಸ್ಟ್‌ಮ್ಯಾನ್ ಅದನ್ನು ಮೂಗಿನಿಂದ ಒಂದು ಮೊಳ ದೂರ ಹಿಡಿದುಕೊಂಡು ಬಂದ. ಮನೆಯೊಡತಿ ಕವಿತಾ ಬಾಯಿ ಎರಡು ದಿನ ನನ್ನ ಕೋಣೆಯ ಮುಂದೆ ಮೂಸುತ್ತಾ ಓಡಾಡಿದರು. ಪೊಟ್ಟಣಗಳನ್ನು ಲ್ಯಾಬಿನ ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ.

ಮನೆಗೆ ಬರದ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ನೀನು ಕೇಳಿದ್ದು ಬಳಚಿನ ಬಗ್ಗೆ, ಅದನ್ನು ಮೊದಲು ಹೇಳುತ್ತೇನೆ.

ವಿಷ ಬಳಚಿನದ್ದಲ್ಲ. ನೀರಿನಲ್ಲಿ ಕಣ್ಣಿಗೆ ಕಾಣದ ಒಂದು ಜಾತಿಯ ಪಾಚಿ ಕೆಲವೊಮ್ಮೆ ಉಕ್ಕಿ ಬರುತ್ತದೆ. ಬಳಚು ಅದನ್ನು ತಿನ್ನುತ್ತದೆ. ಬಳಚಿಗೆ ಏನೂ ಆಗುವುದಿಲ್ಲ, ಅದನ್ನು ತಿಂದವರಿಗೆ ತುಟಿ ಜುಮ್ಮೆನ್ನುತ್ತದೆ, ಕೈಕಾಲು ಸೋಲುತ್ತವೆ, ಕೊನೆಗೆ ಉಸಿರು ನಿಲ್ಲುತ್ತದೆ. ಎಷ್ಟು ತೊಳೆದರೂ ಎಷ್ಟು ಬೇಯಿಸಿದರೂ ಆ ವಿಷ ಹೋಗುವುದಿಲ್ಲ.

ನಮ್ಮ ಕಂಪ್ಯೂಟರಿನಲ್ಲಿ ತಂತಿಯಿಲ್ಲ, ಕರೆಂಟಿಲ್ಲ. ಬೆರಳುದ್ದದ ನಳಿಕೆ, ಅದರಲ್ಲಿ ಒಂದು ಹನಿ ನೀರು, ನೀರಿನಲ್ಲಿ ಡಿಎನ್‌ಎಯ ಎಳೆಗಳು ಮತ್ತು ಕಿಣ್ವ. ಒಂದು ಎಳೆ ತನ್ನ ಜೋಡಿ ಎಳೆಯನ್ನು ಮಾತ್ರ ಹಿಡಿಯುತ್ತದೆ, ಬೇರೆಯದನ್ನು ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ಮೊದಲ ಎಳೆಯಿಂದ ಆ ಪಾಚಿ ಇಲ್ಲಿದೆಯೇ ಎಂದು ಕೇಳಿಸುತ್ತೇವೆ. ಹೌದಾದರೆ ಮಡಿಚಿಟ್ಟ ಎರಡನೆಯ ಎಳೆ ಬಿಚ್ಚಿಕೊಳ್ಳುತ್ತದೆ. ಅದು, ವಿಷ ಮಾಡುವ ಜೀನು ಇದೆಯೇ ಎಂದು ಕೇಳುತ್ತದೆ. ಎರಡಕ್ಕೂ ಹೌದು ಎಂದು ಬಂದರೆ ಮಾತ್ರ ಕಿಣ್ವ ಹೋಗಿ ಒಂದು ಗಂಟು ಕತ್ತರಿಸುತ್ತದೆ, ನಳಿಕೆ ಹಸಿರಾಗಿ ಬೆಳಗುತ್ತದೆ. ಇದೂ ಇದ್ದು ಅದೂ ಇದ್ದರೆ ಮಾತ್ರ ಎಂದು ಲೆಕ್ಕ ಹಾಕುವುದೇ ಕಂಪ್ಯೂಟರಿನ ಕೆಲಸ. ಇಲ್ಲಿ ನೀರೇ ಅದನ್ನು ಮಾಡುತ್ತದೆ.

ಒಣಗಿಸುವಾಗ ಏನೇನು ಹಾಕಿದ್ದೆ ಎಂದು ಬರೆ. ಕೆಂಪು ದಾರ ನಿನಗೆ ಎಲ್ಲಿ ಸಿಕ್ಕಿತು ಎಂಬುದನ್ನೂ ಬರೆ.

ಚಂದನಾ

*

ಬೇಲೆಕೇರಿ
25 ಜನವರಿ 2025

ಚಂದನಾ,

ಉಪ್ಪು ಹಾಕಿದ್ದೇನೆ, ಇನ್ನೇನು ಸಕ್ಕರೆ ಹಾಕುತ್ತಾರೆಯೇ? ಚಿಪ್ಪು ಬಿಡಿಸಿ, ಕಲ್ಲುಪ್ಪು ಹಚ್ಚಿ, ನಾಲ್ಕು ಬಿಸಿಲು ಕೊಟ್ಟು, ಅಟ್ಟದ ಮೇಲಿನ ಭರಣಿಯಲ್ಲಿ ಇಟ್ಟಿದ್ದೆ. ದಾರ ದಾರವೇ. ಕೈಗೆ ಸಿಕ್ಕಿದ್ದು ಕಟ್ಟಿದೆ. ನೀನು ವಿಜ್ಞಾನಿಯೋ ಪೊಲೀಸೋ?

ಒಂದು ವಾರದಲ್ಲಿ ಮೂರು ಸಲ ಪೋಸ್ಟಾಫೀಸಿಗೆ ಹೋಗಿ ಬಂದೆ. ಅಲ್ಲಿಯವರು ನನ್ನನ್ನು ನೋಡಿ ದೂರದಿಂದಲೇ ಕೈ ಆಡಿಸುತ್ತಾರೆ. ಮನೆಯಲ್ಲಿ ಸೀಗಡಿ ಸುಲಿಯಲು ಕೂತರೆ ಒಂದು ಪಾತ್ರೆ ಮುಗಿಯುವಷ್ಟರಲ್ಲಿ ನಾಲ್ಕು ಸಲ ಏಳುತ್ತೇನಂತೆ, ಸುಮಲತಾ ಕೈಸನ್ನೆ ಮಾಡಿ ಬೈಯುತ್ತಾಳೆ.

ಮೊನ್ನೆ ಅಂಕೋಲೆ ಬಸ್‌ಸ್ಟ್ಯಾಂಡಿನಲ್ಲಿ ಬೀರಿಯ ಸೊಸೆ ವಿಜೇತಾ ಎದುರಾದಳು. ನನ್ನನ್ನು ಕಂಡವಳೇ ತಲೆ ತಗ್ಗಿಸಿ ರಸ್ತೆ ದಾಟಿ ಆ ಕಡೆ ಹೋದಳು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಬುಟ್ಟಿಗೆ ತಾನೇ ಕೈ ಕೊಟ್ಟು ಇಳಿಸುತ್ತಿದ್ದ ಹುಡುಗಿ. ಈಗ ನನ್ನ ಮುಖ ಕಂಡರೆ ಅವಳಿಗೆ ಹೇಸಿಗೆ.

ನಮ್ಮ ಮನೆಯ ರೂಢಿ ನಿನಗೆ ಗೊತ್ತು. ವರ್ಷಗಟ್ಟಲೆ ಕೊಡುತ್ತಾ ಬಂದ ವಾಡಿಕೆಯ ಮನೆಗೆ ಅರ್ಧ ಬುಟ್ಟಿ ಒಯ್ಯುವುದಿಲ್ಲ. ನೀರು ಇಳಿದಷ್ಟು ಹೊತ್ತು ಕೆದಕಿದರೂ ಕಡಿಮೆ ಬಿದ್ದರೆ, ಹಿಂದಿನ ಬಾಗಿಲಲ್ಲಿ ಮನೆಯವರು ಯಾರು ತಂದಿಟ್ಟದ್ದಿದ್ದರೂ ನಾಲ್ಕು ಬೊಗಸೆ ಹಾಕಿ ತುಂಬಿಸುತ್ತೇವೆ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ನನ್ನ ಅವ್ವೆಯೂ ಹಾಗೇ ಮಾಡಿದಳು, ನಾನೂ ಹಾಗೇ ಮಾಡಿದೆ. ಬೀರಿಗೆ ಕೊನೆಯ ಸಲ ಒಯ್ದ ಬುಟ್ಟಿಯೂ ತುಂಬಿಯೇ ಇತ್ತು.

ಬೇಗ ನೋಡು.

ಕಾಶಿ

*

ಹಬ್ಬುವಾಡ
20 ಫೆಬ್ರವರಿ 2025

ಅತ್ತೆ,

ತಡವಾಯಿತು. ನಳಿಕೆಗಳು ಸಿದ್ಧವಿರಲಿಲ್ಲ ಎಂದು ಬರೆಯಬಹುದಿತ್ತು, ಆದರೆ ಇದ್ದವು. ಪೊಟ್ಟಣಗಳ ದಾರ ಬಿಚ್ಚಲು ನನಗೇ ಧೈರ್ಯ ಬರಲಿಲ್ಲ. ಮೂರು ವಾರ ಬೇರೆಯವರ ಬಳಚು ನೋಡುತ್ತಾ ಕಳೆದೆ.

ಸೋಮವಾರ ಹಾಕಿದೆ. ಕೆಂಪು ದಾರದ್ದು ಬೆಳಗಿತು, ಬಿಳಿ ದಾರದ್ದೂ ಬೆಳಗಿತು.

ಇದನ್ನು ನಂಬಬೇಡ. ನನಗೇ ನಂಬಿಕೆ ಬಾರದೆ ಕಾರವಾರ ಪೇಟೆಯಿಂದ ಒಂದು ಒಣ ಬಂಗಡೆ ತಂದು ಅದನ್ನೂ ಹಾಕಿದೆ. ಅದೂ ಬೆಳಗಿತು. ಬಂಗಡೆಯಲ್ಲಿ ಆ ಪಾಚಿ ಬರಲು ಸಾಧ್ಯವೇ ಇಲ್ಲ. ತಪ್ಪು ಉಪ್ಪಿನದ್ದು. ಉಪ್ಪು ಹೆಚ್ಚಾದರೆ ಎಳೆಗಳಿಗೆ ತಮ್ಮ ಜೋಡಿ ಯಾವುದು ಎಂಬ ಭೇದ ಉಳಿಯುವುದಿಲ್ಲ, ಅರ್ಧಂಬರ್ಧ ಹೊಂದುವುದನ್ನೂ ಹಿಡಿದುಕೊಂಡು ಹೌದು ಎಂದುಬಿಡುತ್ತವೆ. ಲ್ಯಾಬಿನಲ್ಲಿ ನಾವು ಯಾವಾಗಲೂ ಹಸಿ ಬಳಚನ್ನೇ ನೋಡಿದ್ದು, ಒಣಗಿಸಿದ್ದನ್ನು ಯಾರೂ ತಂದಿರಲಿಲ್ಲ. ಪೇಪರಿನಲ್ಲಿ ಫೋಟೋ ಹಾಕಿಸಿಕೊಂಡವರಿಗೆ ಕರಾವಳಿಯವರು ಮೀನಿಗೆ ಉಪ್ಪು ಹಚ್ಚುತ್ತಾರೆ ಎಂಬುದು ಹೊಳೆಯಲಿಲ್ಲ. ನಮ್ಮ ಮೇಡಂ ಹಣೆ ಚಚ್ಚಿಕೊಂಡರು. ನಾನಂತೂ ಮೀನುಗಾರರ ಮನೆಯವಳು, ನನಗೆ ಹೊಳೆಯಬೇಕಿತ್ತು.

ಉಪ್ಪು ಪೂರ್ತಿ ತೆಗೆದು ಮತ್ತೆ ಮಾಡುತ್ತೇನೆ. ಮೂರು ವಾರ ಬೇಕು.

ಚಂದನಾ

*

ಬೇಲೆಕೇರಿ
25 ಫೆಬ್ರವರಿ 2025

ಚಂದನಾ,

ಸಾಕು, ಇನ್ನು ಮಾಡಬೇಡ. ಎರಡೂ ಬೆಳಗಿದವು ಎಂದರೆ ಬಿಳಿಯದೂ ಅದರಲ್ಲಿ ಸೇರಿತು. ನನಗೆ ಬೇಕಾದದ್ದು ಅಷ್ಟೇ. ಉಪ್ಪಿನ ಮೇಲೆ ಯಾಕೆ ತಪ್ಪು ಹೊರಿಸುತ್ತೀ? ನಿನ್ನ ನೀರು ಮೊದಲ ಸಲ ಹೇಳಿದ್ದೇ ಸರಿ ಇರಬೇಕು.

ನಿನ್ನ ಕಾಗದ ಓದಿದ ದಿನ ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಂಡೆ. ಉಳಿದದ್ದನ್ನು ಸಮುದ್ರಕ್ಕೆ ಹಾಕಿಬಿಡು. ಇನ್ನು ಈ ವಿಷಯ ಎತ್ತುವುದು ಬೇಡ. ಒಮ್ಮೆ ಮನೆಗೆ ಬಾ, ನೊಗ್ಲಿ ಮೀನು ಸಿಕ್ಕಿದರೆ ಹುರಿದು ಹಾಕುತ್ತೇನೆ.

ಕಾಶಿ

*

ಹಬ್ಬುವಾಡ
14 ಮಾರ್ಚ್ 2025

ಅತ್ತೆ,

ನೀನು ಬೇಡವೆಂದರೂ ಮಾಡಿದೆ. ಉಪ್ಪು ತೆಗೆದು ಐದು ಸಲ ನೋಡಿದೆ. ಬಂಗಡೆ ಐದು ಸಲವೂ ಕತ್ತಲೆ, ಬಿಳಿ ದಾರದ್ದೂ ಕತ್ತಲೆ. ಕೆಂಪು ದಾರದ್ದು ಐದು ಸಲವೂ ಬೆಳಗಿತು.

ಅದು ಎಲ್ಲಿಯದು ಎಂದು ನೀನು ಹೇಳುವುದು ಬೇಡ. ಡಬ್ಬ ತೆರೆದ ದಿನವೇ ನನಗೆ ಗೊತ್ತಾಗಿತ್ತು. ಆ ಕೆಂಪು ದಾರ ನಮ್ಮ ಕಾಲೇಜಿನಲ್ಲಿ ಸ್ಯಾಂಪಲ್ಲಿಗೆ ಕಟ್ಟುವ ಚೀಟಿಯದ್ದು. ನನ್ನ ಬಕೇಟಿನ ಹಿಡಿಗೆ ನಾನೇ ಕಟ್ಟಿದ್ದೆ.

ಈಗ ಬರೆಯದಿದ್ದರೆ ನಾನು ಯಾವತ್ತೂ ಬರೆಯುವುದಿಲ್ಲ. 2021ರ ನವೆಂಬರಿನಲ್ಲಿ ನಾನು ಎಂಎಸ್ಸಿಯ ರಜೆಗೆ ಬಂದಿದ್ದೆನಲ್ಲ. ಆ ದಿನ ದೋಣಿ ಕಟ್ಟುತ್ತಿದ್ದ ಹಳೆಯ ದಕ್ಕೆಯ ಹಿಂದೆ ನಿಂತ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಹಾಗಿತ್ತೆಂದೇ ಅಲ್ಲಿ ಇಳಿದು ಕಾಲೇಜಿನ ಕೆಲಸಕ್ಕೆಂದು ಅರ್ಧ ಬಕೇಟು ಬಳಚು ತೆಗೆದೆ. ತಂದು ಹಿಂದಿನ ಬಾಗಿಲಲ್ಲಿ ಇಟ್ಟು, ಸ್ನಾನ ಮಾಡಿ, ಉಂಡು ಮಲಗಿದೆ. ಅಲ್ಲಿ ಇಟ್ಟದ್ದು ಬುಟ್ಟಿಗೆ ಹೋಗುತ್ತದೆ ಎಂದು ಹುಟ್ಟಿದಾಗಿನಿಂದ ನೋಡಿದವಳು ನಾನು. ಎರಡು ವರ್ಷ ಹಾಸ್ಟೆಲಿನಲ್ಲಿದ್ದು ಮರೆತಿದ್ದೆ.

ಎದ್ದು ನೋಡಿದಾಗ ಬಕೇಟಿನಲ್ಲಿ ಬಳಚು ತಗ್ಗಿತ್ತು. ನೀನು ಶೆಟಗೇರಿಗೆ ಹೋಗಿಯಾಗಿತ್ತು. ಅಮ್ಮನ ಫೋನಿನಲ್ಲಿ ವಿಜೇತಕ್ಕನ ನಂಬರಿತ್ತು. ನೀರಿಗೆ ಬಣ್ಣ ಬಂದಾಗಲೆಲ್ಲ ವಿಷ ಇರುವುದಿಲ್ಲ ಎಂದು ಪುಸ್ತಕದಲ್ಲಿ ಓದಿದ್ದೆ. ಸುಮ್ಮನೆ ಫೋನು ಮಾಡಿ ವಾಡಿಕೆ ಮನೆ ಕೆಡಿಸಿದೆ ಎಂದು ನೀನು ಬೈಯುತ್ತೀ ಎಂದೂ ಅನ್ನಿಸಿತು. ಅರ್ಧ ತಾಸು ಬಾಗಿಲಲ್ಲಿ ನಿಂತು ಯೋಚಿಸಿದೆ. ಆಮೇಲೆ ಒಳಗೆ ಹೋಗಿ ಚಹಾ ಕುಡಿದೆ.

ಮರುದಿನ ಸುದ್ದಿ ಬಂತು. ಎಲ್ಲರೂ ನಿನ್ನ ಹೆಸರು ಹೇಳಿದರು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈ ಲ್ಯಾಬಿಗೆ ನಾನು ಸೇರಿದ್ದು ಅದಕ್ಕೇ. ಮನೆಗೆ ಬರದಿರುವುದೂ ಅದಕ್ಕೇ. ಬಂದರೆ ಹಿಂದಿನ ಬಾಗಿಲು ಕಾಣುತ್ತದೆ, ಮಗುಚಿಟ್ಟ ನಿನ್ನ ಬುಟ್ಟಿ ಕಾಣುತ್ತದೆ.

ನನ್ನನ್ನು ಏನು ಬೇಕಾದರೂ ಅನ್ನು, ಆದರೆ ಸುಮ್ಮನಿರಬೇಡ.

ಚಂದನಾ

*

ಬೇಲೆಕೇರಿ
24 ಮಾರ್ಚ್ 2025

ಚಂದನಾ,

ಅನ್ನಬೇಕಾದ್ದನ್ನು ನಾಲ್ಕು ದಿನ ಅಂದೆ. ಸಮುದ್ರದ ದಂಡೆಯಲ್ಲಿ ಗಟ್ಟಿಯಾಗಿಯೇ ಅಂದೆ, ನನಗೆ ಕೇಳದಿದ್ದರೂ ಅಲ್ಲಿದ್ದ ಕಾಗೆಗಳು ಎದ್ದು ಹೋದವು. ಫೋನು ಮಾಡಬೇಕಿತ್ತು ನೀನು. ಬೀರಿ ಇರುತ್ತಿದ್ದಳು. ಇದನ್ನು ಒಂದು ಸಲ ಬರೆದಿದ್ದೇನೆ, ಇನ್ನೊಂದು ಸಲ ಬರೆಯುವುದಿಲ್ಲ.

ಈಗ ನನ್ನದು ಕೇಳು. ಬಕೇಟಿನಿಂದ ಬುಟ್ಟಿಗೆ ಹಾಕಿದ ಕೈ ನನ್ನದು. ಹಿಡಿಗೆ ಚೀಟಿ ಕಟ್ಟಿದ್ದನ್ನು ನೋಡಿದೆ. ಇಂಗ್ಲಿಷಿನಲ್ಲಿತ್ತು. ನಿನ್ನನ್ನು ಎಬ್ಬಿಸಿ ಕೇಳಬಹುದಿತ್ತು, ಮಲಗಲಿ ಎಂದು ಬಿಟ್ಟು ನಾಲ್ಕು ಬೊಗಸೆ ಹಾಕಿಕೊಂಡು ಹೋದೆ. ಬೀರಿ ಸತ್ತ ಸುದ್ದಿ ಬಂದಾಗ ಮೊದಲು ನೆನಪಾದದ್ದು ಆ ಚೀಟಿ. ನನ್ನ ಜಾಗದಲ್ಲಿ ತೆಗೆದದ್ದರಲ್ಲಿ ಬುಟ್ಟಿಗೆ ಹಾಕಲಾಗದ ಸಣ್ಣವನ್ನು ಮನೆಗೆಂದು ಬೇರೆ ಎತ್ತಿಟ್ಟಿದ್ದೆ, ಇನ್ನೂ ಅಡಿಗೆ ಆಗಿರಲಿಲ್ಲ. ಅದನ್ನೂ ಬಕೇಟಿನಲ್ಲಿ ಉಳಿದದ್ದನ್ನೂ ಯಾರಿಗೂ ಹೇಳದೆ ಬೇರೆ ಬೇರೆ ಒಣಗಿಸಿದೆ. ನನ್ನದಕ್ಕೆ ಬಿಳಿ ದಾರ, ನಿನ್ನದಕ್ಕೆ ನಿನ್ನದೇ ದಾರ.

ಇದು ನನ್ನದೋ ನಿನ್ನದೋ ಎಂದು ಮೂರು ವರ್ಷ ಗೊತ್ತಿರಲಿಲ್ಲ. ಬಿಳಿಯದು ಬೆಳಗಲಿ ಎಂದು ದೇವರಿಗೆ ತೆಂಗಿನಕಾಯಿ ಹೇಳಿಕೊಂಡಿದ್ದೆ. ನನಗೆ ಅರವತ್ತೆರಡು, ಇನ್ನು ಸ್ವಲ್ಪ ದಿನ ಈ ಹೆಸರು ಹೊತ್ತುಕೊಂಡೇ ಹೋಗಬಹುದು. ನೀನು ಇಪ್ಪತ್ತಾರರವಳು. ಎರಡೂ ಬೆಳಗಿದವು ಎಂದು ನೀನು ಬರೆದಾಗ ಕುಣಿಯುವಷ್ಟು ಖುಷಿಯಾಗಿತ್ತು ನನಗೆ.

ಬಿಳಿಯದು ಬೆಳಗಲಿಲ್ಲ. ಸರಿ. ಗೊತ್ತಿಲ್ಲದಾಗ ಸುಮ್ಮನಿದ್ದೆ, ಗೊತ್ತಾದ ಮೇಲೆ ಸುಮ್ಮನಿರಲು ನನ್ನಿಂದಾಗದು. ಬೀರಿಯ ಮನೆಯವರಿಗೆ ಹೇಳಬೇಕು. ಯುಗಾದಿ ಕಳೆದು ಏಪ್ರಿಲ್ ಆರು, ಭಾನುವಾರ, ಒಂಬತ್ತೂವರೆಗೆ ಶೆಟಗೇರಿ ಕ್ರಾಸಿನಲ್ಲಿ ಇಳಿ. ನಾನು ಅಲ್ಲಿ ನಿಂತಿರುತ್ತೇನೆ, ಬುಟ್ಟಿ ತರುವುದಿಲ್ಲ. ಬಕೇಟಿನದು ನೀನು ಹೇಳು, ಬೊಗಸೆಯದು ನಾನು ಹೇಳುತ್ತೇನೆ. ನನಗೆ ಕೇಳುವುದಿಲ್ಲ, ವಿಜೇತಾ ಏನೆನ್ನುತ್ತಾಳೋ ಅವಳ ತುಟಿ ನೋಡಿ ತಿಳಿದುಕೊಳ್ಳುತ್ತೇನೆ.

ಬರದೆ ಇದ್ದರೆ ನಾನೊಬ್ಬಳೇ ಹೋಗುತ್ತೇನೆ.

ನಿನ್ನ ಅತ್ತೆ,
ಕಾಶಿ

*

ಬೇಲೆಕೇರಿ
9 ಏಪ್ರಿಲ್ 2025

ಚಂದನಾ,

ನೀನು ಬಂದೆ. ಅದಕ್ಕೆ ಮೊದಲು ನಿನ್ನ ತಲೆ ಸವರುತ್ತೇನೆ. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತು, ನಾನು ಎಷ್ಟು ಸಲ ಭುಜ ತಟ್ಟಿದರೂ ತಿರುಗಲಿಲ್ಲ. ಅಂಕೋಲೆಯಲ್ಲಿ ಇಳಿದು ನೇರ ಕಾರವಾರದ ಬಸ್ಸು ಹತ್ತಿದೆ. ಮೂರು ದಿನ ಕಾದು ಇದನ್ನು ಬರೆಯುತ್ತಿದ್ದೇನೆ.

ನಾನು ನೋಡಿದ್ದು ಇಷ್ಟು. ವಿಜೇತಾ ಒಬ್ಬಳೇ ಇದ್ದಳು, ಗಂಡ ವಿಕಾಸ ಗದ್ದೆಗೆ ಹೋಗಿದ್ದ. ನೀನು ಹೇಳಿದೆ, ನಾನು ಹೇಳಿದೆ, ಅವಳು ನೆಲ ನೋಡುತ್ತಾ ಕೂತಿದ್ದಳು. ಆಮೇಲೆ ನೀನು ಕೈಯಿಂದ ತೊಳೆಯುವ ಹಾಗೆ ಮಾಡಿ ಏನೋ ಹೇಳಿದೆ. ಎಷ್ಟು ತೊಳೆದರೂ ಹೋಗುವುದಿಲ್ಲ ಎಂದು ನನಗೂ ಬರೆದಿದ್ದೆಯಲ್ಲ, ಅದೇ ಇರಬೇಕು. ಅವಳು ತಟ್ಟನೆ ತಲೆ ಎತ್ತಿದಳು. ಏನೋ ಕೇಳಿದಳು, ನೀನು ಮತ್ತೆ ಹೇಳಿದೆ. ಅವಳು ಎದ್ದು ಅಡಿಗೆಮನೆ ಬಾಗಿಲಿಗೆ ಹೋಗಿ ನಮಗೆ ಬೆನ್ನು ಹಾಕಿ ನಿಂತು ಬಹಳ ಹೊತ್ತು ಮಾತಾಡಿದಳು. ನನಗೆ ಕಂಡದ್ದು ಅವಳ ಬೆನ್ನು ಮಾತ್ರ. ನಿನ್ನ ಮುಖ ಸುಣ್ಣದ ಹಾಗಾಯಿತು.

ಏನಂದಳು? ಬೈದಳೇ? ಬೈದದ್ದಾದರೆ ಇದ್ದ ಹಾಗೇ ಬರೆ, ಒಂದು ಮಾತೂ ಬಿಡಬೇಡ.

ಕಾಶಿ

*

ಹಬ್ಬುವಾಡ
14 ಏಪ್ರಿಲ್ 2025

ಅತ್ತೆ,

ಬೈಯಲಿಲ್ಲ. ಬೈದಿದ್ದರೆ ಬಸ್ಸಿನಲ್ಲಿ ನಿನ್ನ ಕಡೆ ತಿರುಗುತ್ತಿದ್ದೆ.

ಅವಳು ತಲೆ ಎತ್ತಿ ಕೇಳಿದ್ದು ಇದು: "ಎಷ್ಟ್ ತೊಳದ್ರೂ ಹೋಗ್ತಿರ್ಲಿಲ್ಲ? ಮತ್ತೊಂದ್ ಸಲ ಹೇಳು." ನಾನು ಮತ್ತೆ ಹೇಳಿದೆ. ತೊಳೆದರೂ ಹೋಗದು, ಬೇಯಿಸಿದರೂ ಹೋಗದು, ಅಡಿಗೆ ಮಾಡಿದವರ ಕೈಯಲ್ಲಿ ಏನೂ ಇರಲಿಲ್ಲ ಎಂದೆ.

ಆ ದಿನ ಬಳಚು ಬೇಯಿಸಿ ಬೀರಜ್ಜಿಗೆ ಮೊದಲು ಬಡಿಸಿದವಳು ಅವಳು, ಉಳಿದವರು ಇನ್ನೂ ಉಂಡಿರಲಿಲ್ಲ. ಇದನ್ನು ನಾವಿಬ್ಬರೂ ಒಂದು ದಿನವಾದರೂ ಯೋಚಿಸಲಿಲ್ಲ ಅತ್ತೆ. ಅಂಕೋಲೆ ಪೇಟೆ ನಿನ್ನ ಹೆಸರು ಹೇಳಿತು, ಆದರೆ ಶೆಟಗೇರಿಯ ಆ ಮನೆಯೊಳಗೆ ಹೇಳಿದ್ದು ಅವಳ ಹೆಸರು. ಕಾಶಿ ನಲವತ್ತು ವರ್ಷದಿಂದ ಕೊಡುತ್ತಿದ್ದಾಳೆ, ಯಾರಿಗೂ ಏನೂ ಆಗಿಲ್ಲ, ಈ ಸಲ ಸರಿಯಾಗಿ ತೊಳೆದಿಲ್ಲ, ಗಡಿಬಿಡಿಯಲ್ಲಿ ಸತ್ತ ಚಿಪ್ಪು ಆರಿಸದೆ ಹಾಕಿದ್ದಾಳೆ ಎಂದು ವಿಕಾಸಣ್ಣ ಹೇಳಿದನಂತೆ. ಮೂರು ವರ್ಷದಿಂದ ಅವಳ ಕೈಯಲ್ಲಿ ಮೀನು ಮಾಡಿಸುವುದಿಲ್ಲ. ಬೀರಜ್ಜಿಯ ತಿಥಿಯ ದಿನ ಅವಳನ್ನು ಒಲೆಯ ಹತ್ತಿರ ಬಿಡದೆ ಅವಳ ಅತ್ತಿಗೆ ನಿಶಾಳನ್ನು ಕರೆಸುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ನಿನ್ನನ್ನು ಕಂಡು ರಸ್ತೆ ದಾಟಿದ್ದು ಹೇಸಿಗೆಯಿಂದಲ್ಲ. ತನ್ನ ಕೈತಪ್ಪಿನಿಂದ ಕಾಶಿಯಮ್ಮನ ಹೆಸರು ಹಾಳಾಯಿತು, ಅವಳ ಮುಖ ಹೇಗೆ ನೋಡಲಿ ಎಂದು.

ಕೊನೆಗೆ ಅವಳು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. "ನೀವಿಬ್ರೂ ಒಬ್ಬರನ್ನೊಬ್ರು ಕಾಯ್ಕಂಡು ಕೂತ್ರಿ. ನನ್ನ ಯಾರ್ ಕಾಯ್ದ್ರು?"

 ಇದನ್ನು ಬಸ್ಸಿನಲ್ಲಿ ನಿನಗೆ ಹೇಗೆ ಹೇಳಲಿ ಎಂದು ತಿಳಿಯದೆ ಕಿಟಕಿ ಕಡೆ ತಿರುಗಿದೆ.

ನಿನ್ನೆ ಅವಳ ಫೋನು ಬಂದಿತ್ತು. ಮುಂದಿನ ಭಾನುವಾರ ವಿಕಾಸಣ್ಣ, ನಿಶಾ ಎಲ್ಲ ಮನೆಯಲ್ಲಿರುತ್ತಾರೆ, ಅವರೆದುರು ಇದನ್ನೇ ಮತ್ತೆ ಹೇಳಬೇಕು ಎಂದಳು. ಬಾಯಿಮಾತು ಸಾಲದು, ನಳಿಕೆ ತಂದು ಅವರ ಕಣ್ಣೆದುರಿಗೇ ಬೆಳಗಿಸಿ ತೋರಿಸಬೇಕಂತೆ. ಕೆಂಪು ದಾರದ್ದು ಒಂದು ಚಿಟಿಕೆ ಉಳಿದಿದೆ, ಬಿಳಿಯದು ಇನ್ನೂ ಇದೆ. ಉಪ್ಪು ತೆಗೆದು ಸಿದ್ಧಮಾಡಿ ಇಟ್ಟಿದ್ದೇನೆ. ಮೇಡಂಗೂ ಎಲ್ಲ ಹೇಳಿದೆ. ಬಕೇಟಿನದನ್ನೂ ಹೇಳಿದೆ.

ನಾನು ಶನಿವಾರ ಮಧ್ಯಾಹ್ನವೇ ಮನೆಗೆ ಬರುತ್ತೇನೆ. ಅಪ್ಪ ಅಮ್ಮನಿಗೆ ಊಟಕ್ಕೆ ಕೂರುವ ಮೊದಲೇ ಹೇಳುತ್ತೇನೆ, ಆಮೇಲೆ ಬಡಿಸುವುದು ಬಿಡುವುದು ಅವರಿಗೆ ಬಿಟ್ಟದ್ದು.

ಭಾನುವಾರ ನೀನೂ ಬರಬೇಕು. ಕಾಶಿಯಮ್ಮನನ್ನು ಬಾಗಿಲ ಎದುರಿನ ಮಣೆಯ ಮೇಲೆ ಕೂರಿಸು ಎಂದು ವಿಜೇತಕ್ಕ ಎರಡು ಸಲ ಹೇಳಿದಳು. ಈ ಸಲ ನಿನ್ನ ಕಡೆ ಮುಖ ಮಾಡಿಯೇ ಮಾತಾಡುತ್ತಾಳಂತೆ.

ನಿನ್ನ
ಚಂದನಾ